ಮೇಲಿಂದ ಬಿದ್ದದ್ದು: ರಿಗ್ ಕೆಲಸದ ಬಗ್ಗೆ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಡಿ ತಾಲ್ಲೂಕಿನ ನಮ್ಮೂರಲ್ಲಿ ಈಗ ನನ್ನದು ನಾಲ್ಕು ಎಕರೆ ನಿಂಬೆ ತೋಟ. ಅದಕ್ಕೂ ಮೊದಲು ಮೂರು ವರ್ಷ ಬೋರ್ ಗಾಡಿ, ಆಮೇಲೆ ಹದಿನಾರು ವರ್ಷ ರಿಗ್, ಅಂದರೆ ಎಣ್ಣೆ ಬಾವಿ ಕೊರೆಯುವ ಗೋಪುರದಂಥ ಯಂತ್ರ. ಗುಜರಾತಿನ ಮೆಹಸಾಣಾ, ರಾಜಸ್ಥಾನದ ಬಾಡಮೇರ್, ಕೊನೆಗೆ ಎರಡು ವರ್ಷ ಒಮಾನ್. ಮಗನನ್ನು ಕಳಿಸುವ ಮುಂಚೆ ಕೆಲವರು ನನ್ನ ಹತ್ತಿರ ಬರುತ್ತಾರೆ. ಏಟು ಬಿದ್ದ ಮೇಲೆ ಬರುವವರೇ ಹೆಚ್ಚು. ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚೂಕಡಿಮೆ ಅವೇ. ಹೇಳಿದ್ದನ್ನೇ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ.

ನಮ್ಮ ಕಡೆ ಎಣ್ಣಿ ಬಾವಿನ ಇಲ್ಲಲ್ರಿ. ಈ ಮಾತು ನಮಗ್ಯಾಕ?

ಬಾವಿ ಇಲ್ಲ, ಖರೆ. ಕರ್ನಾಟಕದಲ್ಲಿ ಮಂಗಳೂರಿನಲ್ಲಿರುವುದು ಎಣ್ಣೆ ಶುದ್ಧಮಾಡುವ ಕಾರ್ಖಾನೆ, ತೆಗೆಯುವ ಬಾವಿಯಲ್ಲ. ಬಾಗಲಕೋಟೆಯ ಕಲಾದಗಿ ಹೆಸರು ಭೂವಿಜ್ಞಾನಿಗಳಿಗೆಲ್ಲ ಗೊತ್ತು, ಅಲ್ಲಿಯ ಕಲ್ಲಿನ ಪದರು ಅಷ್ಟು ಹಳೆಯದು. ಆದರೆ ನಮಗೆ ಅಲ್ಲಿಂದ ಬರುವುದು ಸುಣ್ಣದಕಲ್ಲು ಮತ್ತು ದಾಳಿಂಬೆ.

ಬಾವಿ ಇಲ್ಲದಿದ್ದರೂ ಬಾವಿಗೆ ಹೋಗುವ ಹುಡುಗರಿದ್ದಾರೆ. ಐಟಿಐ ಫಿಟ್ಟರ್, ವೆಲ್ಡರ್ ಮುಗಿಸಿದವರು, ಬೋರ್ ಗಾಡಿಯಲ್ಲಿ ಕೈ ಪಳಗಿದವರು ಗುತ್ತಿಗೆದಾರರ ಮೂಲಕ ಅಂಕಲೇಶ್ವರ, ಮೆಹಸಾಣಾ, ರಾಜಮಹೇಂದ್ರಿಗೆ ಹೋಗುತ್ತಾರೆ. ಸಮುದ್ರದ ಕೆಲಸ ಸಿಕ್ಕರೆ ಬಾಂಬೆ ಹೈ. ಏಜೆಂಟ್ ಸಿಕ್ಕರೆ ಕೊಲ್ಲಿ ದೇಶ. ಊರಲ್ಲೇ ಉಳಿದವರಿಗೂ ಈ ಮಾತು ಹೊರಗಿನದಲ್ಲ. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಆಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಬಿಹಾರದಿಂದ ದುಡಿಯಲು ಬಂದಿದ್ದ 7 ಜನ ಸತ್ತರು. ಅವರ ಊರಿನಲ್ಲೂ ಯಾರೋ ಹೀಗೇ ಕೂತು ಪ್ರಶ್ನೆ ಕೇಳಿರಬೇಕು.

ರಿಗ್ ಮ್ಯಾಲಿಂದ ಬೀಳೂದು ಅಂದ್ರ ಏನು? ಏನೇನು ಬೀಳ್ತಾವ?

ಗೋಳಗುಮ್ಮಟ ಹತ್ತಿದವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ಪಿಸುಮಾತು ಕೇಳುವ ಗ್ಯಾಲರಿ ನೆಲದಿಂದ ಸುಮಾರು 33 ಮೀಟರ್ ಮೇಲಿದೆ. ಅಲ್ಲಿ ಕಟಕಟೆ ಹಿಡಿದು ಕೆಳಗೆ ನೋಡಿ. ಮಧ್ಯದ ಕಟ್ಟೆಯ ಸುತ್ತ ಜನ ಇರುವೆಯಂತೆ ಕಾಣುತ್ತಾರಲ್ಲ, ಮೇಲೆ ನಿಂತು ಪೈಪ್ ಹಿಡಿಯುವ ಟಾಪ್‌ಮ್ಯಾನ್‌ನ ಕಣ್ಣಿಗೆ ರಿಗ್ ಕಾಣುವುದು ಹಾಗೇ. ಅವನು ನಿಲ್ಲುವ ಹಲಗೆಗೆ ಮಂಕಿ ಬೋರ್ಡ್ ಅನ್ನುತ್ತಾರೆ. ಅದು ರಿಗ್‌ನ ಅಟ್ಟದಿಂದ, ಅಂದರೆ ಕೆಲಸಗಾರರು ನಿಲ್ಲುವ ವೇದಿಕೆಯಿಂದ, ಸುಮಾರು 25ರಿಂದ 27 ಮೀಟರ್ ಮೇಲೆ ಇರುತ್ತದೆ. ಆ ಅಟ್ಟವೇ ನೆಲದಿಂದ ಇನ್ನೂ ಏಳೆಂಟು ಮೀಟರ್ ಎತ್ತರದಲ್ಲಿದ್ದರೆ, ಒಟ್ಟು ಹೆಚ್ಚೂಕಡಿಮೆ ಗುಮ್ಮಟದ ಗ್ಯಾಲರಿಯಷ್ಟೇ ಆಯಿತು. ಅವನ ತಲೆಯ ಮೇಲೂ ಡೆರಿಕ್ ಎಂಬ ಕಬ್ಬಿಣದ ಗೋಪುರ ಮುಂದುವರಿದು, ತುದಿಯಲ್ಲಿ ಕ್ರೌನ್ ಬ್ಲಾಕ್ ಎಂಬ ದೊಡ್ಡ ರಾಟೆಗಳ ಗುಂಪು ಕೂತಿರುತ್ತದೆ.

ನೆಲದಿಂದ ಕ್ರೌನ್‌ವರೆಗೆ ನಡುವೆ ಇರುವುದೆಲ್ಲ ಕಬ್ಬಿಣ. ಟನ್‌ಗಟ್ಟಲೆ ತೂಕದ ಟ್ರಾವೆಲಿಂಗ್ ಬ್ಲಾಕ್ ಎಂಬ ರಾಟೆ ಹಗಲು ರಾತ್ರಿ ಏರುತ್ತ ಇಳಿಯುತ್ತ ಇರುತ್ತದೆ. ಅದರ ಕೆಳಗೆ ಪೈಪ್ ತಿರುಗಿಸುವ ಟಾಪ್ ಡ್ರೈವ್, ಪೈಪ್ ಕಚ್ಚಿ ಹಿಡಿಯುವ ಎಲಿವೇಟರ್. ಮೂರು ಮೂರು ಪೈಪ್ ಜೋಡಿಸಿ ಒರಗಿಸಿಟ್ಟ ಸ್ಟ್ಯಾಂಡ್‌ಗಳು. ಐದು ಇಂಚಿನ ಒಂದೇ ಒಂದು ಡ್ರಿಲ್ ಪೈಪ್ ಸುಮಾರು 9 ಮೀಟರ್ ಉದ್ದ, ಸುಮಾರು 275 ಕೆಜಿ ತೂಕ. ಹೊರಗಿನವರು ಇಂಥ ದೊಡ್ಡವು ಬೀಳುತ್ತವೆ ಎಂದೇ ಹೆದರುತ್ತಾರೆ. ಅವೂ ಬೀಳುತ್ತವೆ, ಬಿದ್ದರೆ ಮಾತೇ ಇಲ್ಲ. ಆದರೆ ನಾನು ಕಂಡ ಏಟುಗಳಲ್ಲಿ ಹೆಚ್ಚಿನವು ಸಣ್ಣವುಗಳಿಂದ ಆದವು: ಫ್ಲಡ್‌ಲೈಟಿನ ಬ್ರಾಕೆಟ್, ಭಾರ ಕಟ್ಟುವ ಶ್ಯಾಕಲ್ ಎಂಬ ಕೊಂಡಿಯ ಪಿನ್, ಮರೆತುಬಿಟ್ಟ ಪಾನಾ, ವಾಕಿಟಾಕಿ, ತುಕ್ಕು ಹಿಡಿದ ಏಣಿಯ ತುಂಡು, ಒಂದು ಸಲ ಸ್ಟೀಲಿನ ನೀರಿನ ಬಾಟಲಿ.

ಒಂದು ನಟ್ಟು ಬಿದ್ರ ಮನಷ್ಯಾ ಸಾಯ್ತಾನೇನ್ರಿ?

ಸಾಯಬಹುದು. ಲೆಕ್ಕ ಹತ್ತನೇ ಇಯತ್ತೆಯದು. 27 ಮೀಟರ್ ಮೇಲಿಂದ ಬಿಟ್ಟ ವಸ್ತು ಎರಡೂಕಾಲು ಸೆಕೆಂಡಿನ ಆಸುಪಾಸಿನಲ್ಲಿ ಕೆಳಗೆ ಬರುತ್ತದೆ, ಬರುವ ಹೊತ್ತಿಗೆ ವೇಗ ಗಂಟೆಗೆ 83 ಕಿಲೋಮೀಟರ್. 'ಏ ಸರಿಯಲೇ' ಎಂದು ಮೇಲಿನವನು ಕೂಗಿ, ಕೆಳಗಿನವನು ಅದನ್ನು ಕೇಳಿ, ತಲೆಯೆತ್ತಿ ನೋಡುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಅದಕ್ಕೇ ಕೂಗು ಕೇಳಿದರೆ ಮೇಲೆ ನೋಡಬಾರದು. ತಲೆ ತಗ್ಗಿಸಿ ಹತ್ತಿರದ ಆಸರೆಯ ಕೆಳಗೆ ನುಗ್ಗಬೇಕು. ಮುಖ ಮೇಲೆತ್ತಿದವನಿಗೆ ಹೆಲ್ಮೆಟ್ ಇದ್ದೂ ಇಲ್ಲದ ಹಾಗೆ.

ಕಾಲು ಕೆಜಿಯ ನಟ್ಟು ಆ ಎತ್ತರದಿಂದ ಬಂದರೆ ಅದರ ಪೆಟ್ಟಿನ ಶಕ್ತಿ 66 ಜೂಲ್. ಒಂದು ಕೆಜಿಯ ಪಾನಾ ಆದರೆ 265 ಜೂಲ್. ಈ ಎರಡು ಅಂಕಿ ನೆನಪಿಡಿ, ಮುಂದಿನ ಪ್ರಶ್ನೆಗೆ ಬೇಕು.

ಹೆಲ್ಮೆಟ್ ಹಾಕ್ಕೊಂಡಿದ್ರ ಸಾಕಲ್ರಿ?

ಸಾಲದು. ಯುರೋಪಿನ ಇಎನ್ 397 ಮಾನದಂಡದಲ್ಲಿ ಹೆಲ್ಮೆಟ್ಟನ್ನು ಪರೀಕ್ಷಿಸುವಾಗ 5 ಕೆಜಿ ತೂಕವನ್ನು 1 ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಅದು 49 ಜೂಲ್. ಮೇಲೆ ಹೇಳಿದ ಕಾಲು ಕೆಜಿಯ ನಟ್ಟೇ ಅದನ್ನು ದಾಟಿತು. ಪಾನಾ ಐದು ಪಟ್ಟು ದಾಟಿತು. ಇಷ್ಟಾಗಿಯೂ ಹೆಲ್ಮೆಟ್ ಬಿಡಬೇಡಿ. ನೇರ ಬೀಳದೆ ಅಲ್ಲಿ ಇಲ್ಲಿ ಬಡಿದು ಬರುವ ತುಂಡುಗಳಿಂದ ಅದು ಎಷ್ಟೋ ಜನರನ್ನು ಕಾಯ್ದಿದೆ. ಗದ್ದದ ಪಟ್ಟಿ ಹಾಕದಿದ್ದರೆ ಮಾತ್ರ ಬಗ್ಗಿದಾಗ ಅದೇ ಮೇಲಿಂದ ಬೀಳುವ ವಸ್ತು ಆಗುತ್ತದೆ!

ಹಣೆಬರಾನ ಹಂಗಿತ್ತು ಅಂತಾರ. ಬೀಳೂದನ್ನ ಯಾರ ತಡೀಲಿಕ್ಕೆ ಆಗ್ತದ?

ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಬಿದ್ದ ವಸ್ತು ಆ ಕ್ಷಣದಲ್ಲಿ ಬಿದ್ದಿರುವುದಿಲ್ಲ. ಅದು ಮೂರು ತಿಂಗಳಿನಿಂದ ಬೀಳುತ್ತಲೇ ಇರುತ್ತದೆ, ನೋಡುವವರು ಇರುವುದಿಲ್ಲ ಅಷ್ಟೇ.

ಸುರಕ್ಷತೆಯವರು ಇದರಲ್ಲಿ ಎರಡು ಬಗೆ ಹೇಳುತ್ತಾರೆ. ಯಾರೂ ಮುಟ್ಟದೆ, ತನ್ನ ತೂಕಕ್ಕೆ ತಾನೇ ಬೀಳುವುದು ಒಂದು. ಇದರ ಹಿಂದೆ ತುಕ್ಕು ಇರುತ್ತದೆ, ಇಪ್ಪತ್ನಾಲ್ಕು ತಾಸಿನ ನಡುಕಕ್ಕೆ ಸಡಿಲಾದ ಬೋಲ್ಟ್ ಇರುತ್ತದೆ, ಹಾಕದೇ ಬಿಟ್ಟ ಸ್ಪ್ಲಿಟ್ ಪಿನ್ ಇರುತ್ತದೆ. ಇನ್ನೊಂದು, ಏನೋ ಬಡಿದು ಬೀಳುವುದು. ಓಡಾಡುವ ಬ್ಲಾಕ್ ಮಂಕಿ ಬೋರ್ಡಿಗೆ ತಾಗಿತು, ಎಲಿವೇಟರ್‌ನ ಬೀಗ ಪೂರ್ತಿ ಕೂಡದೆ ಪೈಪ್ ಜಾರಿತು, ಗಾಳಿಗೆ ಕ್ರೇನಿನ ಭಾರ ತಿರುಗಿ ಕಂಬಕ್ಕೆ ಹೊಡೆಯಿತು. ಇವುಗಳಲ್ಲಿ ಅತಿ ಕೆಟ್ಟದ್ದು, ಡ್ರಿಲ್ಲರ್ ಬ್ರೇಕ್ ಹಾಕುವುದು ತಡವಾಗಿ ಬ್ಲಾಕ್ ಸೀದಾ ಮೇಲೆ ಹೋಗಿ ಕ್ರೌನಿಗೆ ಗುದ್ದುವುದು. ವಾಯರ್ ಹರಿದರೆ ಅಷ್ಟೂ ಟನ್ ಅಟ್ಟದ ಮೇಲೆ ಬರುತ್ತದೆ. ಅದನ್ನು ತಡೆಯಲು ಕ್ರೌನ್-ಒ-ಮ್ಯಾಟಿಕ್ ಎಂಬ ಸಾಧನ ಇದೆ. ಬ್ಲಾಕ್ ಒಂದು ಎತ್ತರ ದಾಟಿದರೆ ಅದೇ ಬ್ರೇಕ್ ಹಾಕುತ್ತದೆ. ಪ್ರತಿ ಪಾಳಿಯ ಆರಂಭದಲ್ಲಿ ಅದನ್ನು ಪರೀಕ್ಷೆ ಮಾಡಬೇಕು. ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವ ಪರೀಕ್ಷೆಯೂ ಅದೇ.

ನಾನು ಗುಜರಾತಿನಲ್ಲಿದ್ದಾಗ ಒಂದು ರಾತ್ರಿ ಪಾಳಿಯಲ್ಲಿ ಫ್ಲಡ್‌ಲೈಟ್ ಕಳಚಿ ಬಿತ್ತು. ನನ್ನ ಪಕ್ಕದಲ್ಲಿದ್ದ ಒಡಿಶಾದ ಹುಡುಗನ ಹೆಗಲ ಎಲುಬು ಪುಡಿಯಾಯಿತು. ಒಂದು ಗೇಣು ಈಚೆ ಬಿದ್ದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಮರುದಿನ ತಪಾಸಣೆಯ ವಹಿ ತೆಗೆದು ನೋಡಿದೆವು. ಡೆರಿಕ್‌ನ ಲೈಟು, ಬ್ರಾಕೆಟ್, ಸೇಫ್ಟಿ ವಾಯರ್ ಎಲ್ಲದರ ಮುಂದೆ ಪ್ರತಿ ವಾರವೂ ಸರಿ ಎಂಬ ಗುರುತು ಇತ್ತು. ಆರು ತಿಂಗಳ ಗುರುತುಗಳೂ ಒಂದೇ ಪೆನ್ನಿನವು, ಒಂದೇ ಕೈ ಓಟದವು. ಆ ಲೈಟಿಗೆ ಸೇಫ್ಟಿ ವಾಯರ್ ಹಾಕಿದ್ದೇ ಇಲ್ಲ. ವಹಿ ಬರೆದವನು ಕೆಳಗೆ ಕೂತು ಬರೆದಿದ್ದ, ಮೇಲೆ ಹತ್ತಿರಲಿಲ್ಲ. ಇದರಲ್ಲಿ ಯಾರ ಹಣೆಯ ಬರಹ ಎಲ್ಲಿ ಬಂತು?

ಹೊಸದಾಗಿ ಸೇರೋ ಹುಡುಗ ಮೊದಲ ವಾರ ಏನೇನು ನೋಡಬೇಕ್ರಿ?

ಮೊದಲು ಮೇಲೆ ನೋಡಬೇಕು. ಎತ್ತರದಲ್ಲಿ ಕೂಡಿಸಿದ ಪ್ರತಿ ವಸ್ತುವಿಗೂ, ಅಂದರೆ ಲೈಟು, ಸ್ಪೀಕರ್, ಕ್ಯಾಮೆರಾ, ರಾಟೆ ಎಲ್ಲಕ್ಕೂ, ಬೋಲ್ಟ್ ಅಲ್ಲದೆ ಬೇರೊಂದು ವಾಯರ್ ಅಥವಾ ಸರಪಳಿ ಕಟ್ಟಿರಬೇಕು. ಬೋಲ್ಟ್ ಮುರಿದರೂ ವಸ್ತು ಜೋತು ಬೀಳಬೇಕೇ ಹೊರತು ನೆಲಕ್ಕೆ ಬರಬಾರದು. ಎತ್ತಿಗೆ ಮೂಗುದಾರ ಇದ್ದರೂ ಕೊರಳಿಗೆ ಹಗ್ಗ ಹಾಕುತ್ತೇವಲ್ಲ, ಅದೇ ಲೆಕ್ಕ.

ಮೇಲೆ ಹೋಗುವ ಪಾನಾ, ಸುತ್ತಿಗೆ ಮೈಗೆ ಅಥವಾ ಕಂಬಕ್ಕೆ ದಾರದಿಂದ ಕಟ್ಟಿರಬೇಕು. ಎಷ್ಟು ಮೇಲೆ ಹೋದವು, ಎಷ್ಟು ಕೆಳಗೆ ಬಂದವು ಎಂದು ಲೆಕ್ಕ ಬರೆಯುವ ಪದ್ಧತಿ ಇದ್ದರೆ ಆ ರಿಗ್ ಒಳ್ಳೆಯದು. ಜೇಬು ಖಾಲಿ ಮಾಡಿಯೇ ಏಣಿ ಹತ್ತಬೇಕು. ಮೊಬೈಲಂತೂ ಒಯ್ಯುವ ಹಾಗೇ ಇಲ್ಲ.

ಅಟ್ಟದ ಮೇಲೆ ಕೆಂಪು ಬಣ್ಣ ಬಳಿದ ಜಾಗ ಇರುತ್ತದೆ. ಪೈಪ್ ಏರಿಸುವಾಗ, ಇಳಿಸುವಾಗ ಅಲ್ಲಿ ಕಾಲಿಡಬಾರದು. ಹೊಸ ಹುಡುಗರಿಗೆ ಕೆಲಸ ತೋರಿಸುವ ಹುರುಪು ಜಾಸ್ತಿ. ಯಾರೂ ಕರೆಯದಿದ್ದರೂ ಸಹಾಯಕ್ಕೆ ಅಂತ ನುಗ್ಗುತ್ತಾರೆ. ಏಟು ತಿನ್ನುವವರೂ ಬಹಳ ಸಲ ಅವರೇ. ಇನ್ನೊಂದು, ಕ್ರೇನಿನಿಂದ ಜೋತಾಡುವ ಭಾರವನ್ನು ಕೈಯಿಂದ ತಳ್ಳಬಾರದು, ಅದಕ್ಕೆ ಹಗ್ಗ ಕಟ್ಟಿ ದೂರದಿಂದ ಎಳೆಯಬೇಕು. ತಲೆಯ ಮೇಲಿನ ಭಾರದ ಕೆಳಗೆ ನಡೆಯಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ, ಆದರೂ ದಿನಾ ನಡೆಯುತ್ತಾರೆ.

ಭಾರಕ್ಕೆ ಸುತ್ತಿ ಎತ್ತುವ ಸ್ಲಿಂಗ್, ಶ್ಯಾಕಲ್ ಮೇಲೆ ಎಷ್ಟು ಭಾರ ತಡೆಯುತ್ತದೆ ಎಂದು ಕೆತ್ತಿರಬೇಕು, ತಪಾಸಣೆಯ ಬಣ್ಣ ಬಳಿದಿರಬೇಕು. ಈ ಅವಧಿಯ ಬಣ್ಣ ಯಾವುದು ಎಂದು ಮೊದಲ ದಿನವೇ ಕೇಳಲಿ. ಅನುಮಾನ ಬಂದರೆ ಕೆಲಸ ನಿಲ್ಲಿಸಿ ಎನ್ನುವ ಹಕ್ಕು ಯಾರಿಗಾದರೂ ಉಂಟು ಎಂದು ಎಲ್ಲ ರಿಗ್‌ಗಳ ಫಲಕದಲ್ಲಿ ಬರೆದಿರುತ್ತಾರೆ. ಆ ಹಕ್ಕು ಬಳಸಿದವನನ್ನು ಬೈಯುವ ಟೂಲ್‌ಪುಶರ್‌ಗಳನ್ನೂ, ಅಂದರೆ ರಿಗ್‌ನ ಮೇಲ್ವಿಚಾರಕರನ್ನೂ, ನೋಡಿದ್ದೇನೆ. ಬೈಸಿಕೊಳ್ಳಲಿ ಬಿಡಿ.

ಬೋರ್ ಗಾಡಿ ಕೆಲಸದಾಗ ಇಷ್ಟೆಲ್ಲ ಯಾರು ನೋಡ್ತಾರ್ರಿ?

ಯಾರೂ ನೋಡುವುದಿಲ್ಲ, ಅದೇ ತಾಪತ್ರಯ. ತಮಿಳುನಾಡಿನ ತಿರುಚೆಂಗೋಡಿನಿಂದ ಬಂದ ಗಾಡಿ ಇರಲಿ, ನಮ್ಮವರದೇ ಇರಲಿ, ಬೋರ್ ಗಾಡಿ ಅಂದರೆ ಎಣ್ಣೆ ರಿಗ್‌ನ ತಮ್ಮ. ಇಲ್ಲೂ ಮಾಸ್ಟ್ ಎಂಬ ಎತ್ತಿ ನಿಲ್ಲಿಸುವ ಕಂಬ, ವಿಂಚ್, ವಾಯರ್, ರಾಡ್, ಬಾವಿಯೊಳಗೆ ಇಳಿಸುವ ಕೇಸಿಂಗ್ ಪೈಪ್ ಎಲ್ಲ ಇವೆ. ರಾಡ್ 20 ಅಡಿಯದು. ಎತ್ತರ ಕಡಿಮೆ, ಆದರೆ ನಿಲ್ಲುವ ಜಾಗ ಇನ್ನೂ ಕಡಿಮೆ, ರಾಡ್ ಜೋತಾಡುವುದು ನೇರ ಕೆಲಸಗಾರನ ತಲೆಯ ಮೇಲೆ. ಅದರ ಮೇಲೆ ನಮ್ಮ ಜನರ ಚಟ ಬೇರೆ. ನೀರು ಬಿತ್ತೇನು ನೋಡಲು ಹೊಲದ ಮಾಲಕ, ಅವನ ಅಳಿಯ, ಓಣಿಯ ಹುಡುಗರು, ತೆಂಗಿನಕಾಯಿ ಹಿಡಿದ ಮುದುಕಿ ಎಲ್ಲರೂ ಗಾಡಿಗೆ ಮೈ ಹಚ್ಚಿ ನಿಲ್ಲುತ್ತಾರೆ. ಮಾಸ್ಟ್‌ನ ಎತ್ತರ ಎಷ್ಟಿದೆಯೋ ಅದರ ಒಂದೂವರೆ ಪಟ್ಟು ದೂರ ಹಗ್ಗ ಕಟ್ಟಿ ಜನರನ್ನು ಆಚೆ ನಿಲ್ಲಿಸಿ. ಮಾಸ್ಟ್ ಎತ್ತುವ ಮುಂಚೆ ಮೇಲೆ ಕರೆಂಟಿನ ತಂತಿ ಇದೆಯೇ ನೋಡಿ. ವಾಯರಿನ ಎಳೆ ಹರಿದು ಮುಳ್ಳಿನಂತೆ ಎದ್ದಿದ್ದರೆ ಆ ಗಾಡಿಯವನಿಗೆ ಕೆಲಸ ಕೊಡಬೇಡಿ. ಹೊಲ ನಿಮ್ಮದು, ಹೇಳುವ ಹಕ್ಕೂ ನಿಮ್ಮದೇ.

ಏಟು ಬಿದ್ದ ಕೂಡ್ಲೇ ಹತ್ತಿರ ಇದ್ದವ್ರು ಏನು ಮಾಡಬೇಕು?

ಮೊದಲು ಮೇಲಿಂದ ಇನ್ನೊಂದು ವಸ್ತು ಬೀಳದಂತೆ ಕೆಲಸ ನಿಲ್ಲಿಸಿ. ಎತ್ತಲು ಓಡಿದವನೂ ಬಿದ್ದದ್ದನ್ನು ಕಂಡಿದ್ದೇನೆ. ತಲೆಗೋ ಕುತ್ತಿಗೆಗೋ ಏಟು ಬಿದ್ದವನನ್ನು ಕೈಕಾಲು ಹಿಡಿದು ಜೋಳದ ಚೀಲದಂತೆ ಎತ್ತಬೇಡಿ. ಬೆನ್ನುಹುರಿ ಉಳಿದಿದ್ದರೆ ಆ ಎತ್ತುವಿಕೆಯಲ್ಲಿ ಹೋಗುತ್ತದೆ. ಉಸಿರಾಟಕ್ಕೆ ಅಡ್ಡಿ ಇಲ್ಲದಿದ್ದರೆ ಹೆಲ್ಮೆಟ್ ತೆಗೆಯುವ ಅವಸರ ಬೇಡ. ತಲೆ, ಕುತ್ತಿಗೆ ಅಲುಗದಂತೆ ಹಿಡಿದು, ಹಲಗೆಯ ಮೇಲೆ ನಾಲ್ಕು ಜನ ಒಟ್ಟಿಗೆ ಸರಿಸಿ. ನೀರು, ಚಹಾ ಕುಡಿಸಬೇಡಿ, ಆಪರೇಷನ್ ಮಾಡಬೇಕಾಗಿ ಬರಬಹುದು.

ರಕ್ತ ಹರಿಯುತ್ತಿದ್ದರೆ ಸ್ವಚ್ಛ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಿರಿ. ಕೈಯಿಂದಲೋ ಕಾಲಿನಿಂದಲೋ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ ಮಾತ್ರ ಗಾಯಕ್ಕಿಂತ ಸ್ವಲ್ಪ ಮೇಲೆ, ಹೃದಯದ ಕಡೆಗೆ, ಅಗಲ ಪಟ್ಟಿಯಿಂದ ಬಿಗಿದು, ಬಿಗಿದ ಹೊತ್ತನ್ನು ಬರೆದಿಡಿ. ತುಂಡಾದ ಬೆರಳನ್ನು ಒದ್ದೆ ಮಾಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಬರ್ಫದ ನೀರಿನಲ್ಲಿಡಿ. ಬರ್ಫಕ್ಕೆ ನೇರ ತಾಗಿಸಿದರೆ ಬೆರಳು ಕೆಡುತ್ತದೆ.

ಭಾರದ ಕೆಳಗೆ ಕಾಲು ತುಂಬ ಹೊತ್ತು ಸಿಕ್ಕಿದ್ದರೆ ಬಹಳ ಎಚ್ಚರ ಬೇಕು. ಗಂಟೆಗಟ್ಟಲೆ ಜಜ್ಜಿದ ಮಾಂಸಖಂಡದಿಂದ ವಿಷದಂಥ ವಸ್ತುಗಳು ಮತ್ತು ಪೊಟ್ಯಾಶಿಯಂ, ಭಾರ ತೆಗೆದ ಕೂಡಲೇ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಿಸಬಹುದು, ಆಮೇಲೆ ಮೂತ್ರಪಿಂಡ ಕೆಡಿಸಬಹುದು. ಮಾತಾಡುತ್ತಿದ್ದ ಮನುಷ್ಯ ಕಬ್ಬಿಣ ಎತ್ತಿದ ಐದು ನಿಮಿಷಕ್ಕೆ ಹೋದ ಎಂದು ಹೇಳುತ್ತಾರಲ್ಲ, ಅದು ಇದೇ. ಹಾಗಿದ್ದಾಗ ಸಿಕ್ಕ ಹೊತ್ತನ್ನು ವೈದ್ಯರಿಗೆ ತಿಳಿಸಿ, ಅವರು ಸಲೈನ್ ಹಚ್ಚಿದ ಮೇಲೆ ಬಿಡಿಸುವುದು ಒಳ್ಳೆಯದು.

ದವಾಖಾನ್ಯಾಗ ಏನು ಬರಿಸಬೇಕು?

ಆದದ್ದನ್ನು ಆದ ಹಾಗೆ ಬರೆಸಿ. ಇದೊಂದರಲ್ಲಿ ತಪ್ಪಿದವರ ಕಣ್ಣೀರು ನಾನು ಬಹಳ ನೋಡಿದ್ದೇನೆ. ನಮ್ಮ ಪಕ್ಕದ ಊರಿನ ಒಬ್ಬ ಹುಡುಗನ ಪಾದದ ಮೇಲೆ ಕೇಸಿಂಗ್ ಪೈಪ್ ಬಿತ್ತು. ಜೊತೆಗೆ ಬಂದ ಸೂಪರ್‌ವೈಸರ್ ದಾಖಲು ಮಾಡಿಸುವಾಗ ಬೈಕಿನಿಂದ ಬಿದ್ದ ಎಂದು ಹೇಳಿದ. 'ಖರ್ಚೆಲ್ಲ ನಾವ ನೋಡ್ಕೋತೀವಿ, ಸುಮ್ನ ಪೊಲೀಸ್ ಲಫಡಾ ಯಾಕ' ಅಂದ. ಹುಡುಗ ನೋವಿನಲ್ಲಿ ಹೂಂ ಅಂದ. ಖರ್ಚು ನೋಡಿಕೊಂಡದ್ದು ಮೂರು ವಾರ. ಆಮೇಲೆ ಪರಿಹಾರ ಕೇಳಲು ಹೋದರೆ ಆಸ್ಪತ್ರೆಯ ಕಾಗದವೇ ಎದುರು ನಿಂತಿತು.

ಯಾವ ಊರಿನ ಯಾವ ಜಾಗದಲ್ಲಿ, ಯಾವ ಹೊತ್ತಿಗೆ, ಏನು, ಎಲ್ಲಿಂದ, ಮೈಯ ಯಾವ ಭಾಗದ ಮೇಲೆ ಬಿತ್ತು ಎಂಬುದು ಮೊದಲ ಚೀಟಿಯಲ್ಲೇ ಬರಬೇಕು. ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಆಸ್ಪತ್ರೆಯ ದಾಖಲೆ, ಮಾಡಿಸಿ. ಬಿದ್ದ ವಸ್ತುವಿನ ಫೋಟೊ, ಅದು ಕಳಚಿದ ಜಾಗದ ಫೋಟೊ, ಆ ಪಾಳಿಯಲ್ಲಿದ್ದವರ ಹೆಸರು, ಗೇಟ್ ಪಾಸ್, ಸಂಬಳದ ಸ್ಲಿಪ್ ಅಥವಾ ಬ್ಯಾಂಕಿಗೆ ಬಂದ ಸಂಬಳದ ದಾಖಲೆ, ಇವನ್ನೆಲ್ಲ ಮೊಬೈಲಿನಲ್ಲಿ ಮನೆಗೂ ಕಳಿಸಿಡಿ. ಎಣ್ಣೆ ಬಾವಿ ನಮ್ಮ ದೇಶದಲ್ಲಿ ಕಾನೂನಿನ ಕಣ್ಣಿಗೆ ಗಣಿ. 2025ರ ನವೆಂಬರ್‌ವರೆಗೆ ಇದ್ದ 1952ರ ಗಣಿ ಕಾಯ್ದೆಯಲ್ಲಿ, ಏಟಿನಿಂದ 72 ಗಂಟೆ ಅಥವಾ ಹೆಚ್ಚು ಕೆಲಸಕ್ಕೆ ಬಾರದಂತಾದರೆ ಅದು ದಾಖಲಿಸಲೇಬೇಕಾದ ಗಾಯವಾಗಿತ್ತು. ಗಣಿಗಳ ಮೇಲೆ ಕಣ್ಣಿಡುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಮುಖ್ಯ ಕಚೇರಿ ಧನಬಾದ್‌ನಲ್ಲಿದೆ.

ಪರಿಹಾರ ಎಷ್ಟು ಬರ್ತದ್ರಿ? ಲೆಕ್ಕ ಹೆಂಗ?

ದಶಕಗಟ್ಟಲೆ ಇದನ್ನು ನಡೆಸಿದ್ದು 1923ರ ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಆ ಕಾಯ್ದೆ ಅದರೊಳಗೆ ಸೇರಿತು. ಅದಕ್ಕೂ ಹಿಂದಿನ ಅಪಘಾತಗಳಿಗೆ ಹಳೆಯದೇ ಆಧಾರ. ಲೆಕ್ಕದ ಹಂದರ ಎರಡರಲ್ಲೂ ಒಂದೇ. ಸಾವಾದರೆ ತಿಂಗಳ ಸಂಬಳದ ಅರ್ಧವನ್ನು, ಪೂರ್ತಿ ಶಾಶ್ವತ ಅಂಗವೈಕಲ್ಯವಾದರೆ ಶೇ 60ರಷ್ಟನ್ನು, ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. ವಯಸ್ಸು ಕಡಿಮೆ ಇದ್ದಷ್ಟು ಅಂಕಿ ದೊಡ್ಡದು: 25 ವರ್ಷಕ್ಕೆ 216.91, 30ಕ್ಕೆ 207.98, 40ಕ್ಕೆ 184.17.

ಹಳೆ ಕಾಯ್ದೆಯಲ್ಲಿ 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15,000 ರೂಪಾಯಿ. ನಿಮ್ಮ ಹುಡುಗ 40,000 ತರುತ್ತಿದ್ದರೂ ಲೆಕ್ಕ ಹದಿನೈದರ ಮೇಲೆಯೇ. 30 ವರ್ಷದವನು ತೀರಿಕೊಂಡರೆ 7,500 ಗುಣಿಲೆ 207.98, ಅಂದರೆ 15,59,850 ರೂಪಾಯಿ. ಒಂದು ಜೀವಕ್ಕೆ ಇಷ್ಟೇ ಏನು ಎಂದು ಒಬ್ಬ ತಾಯಿ ನನ್ನನ್ನು ಕೇಳಿದ್ದಳು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಅಂಗ ಹೋದರೆ ಕಾಯ್ದೆಯ ಪಟ್ಟಿಯಲ್ಲಿ ಒಂದೊಂದಕ್ಕೂ ಶೇಕಡಾ ಇದೆ. ಹೆಬ್ಬೆರಳಿಗೆ 30, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12. 25 ವರ್ಷದವನ ಹೆಬ್ಬೆರಳು ಹೋದರೆ 9,000 ಗುಣಿಲೆ 216.91, ಬಂದದ್ದರಲ್ಲಿ ಶೇ 30, ಅಂದರೆ 5,85,657 ರೂಪಾಯಿ. ಪಟ್ಟಿಯಲ್ಲಿಲ್ಲದ ಗಾಯಕ್ಕೆ, ಉದಾಹರಣೆಗೆ ಬೆನ್ನುಮೂಳೆ ಮುರಿದು ಇನ್ನು ಭಾರ ಎತ್ತಲಾಗದು ಎಂಬಂಥದ್ದಕ್ಕೆ, ಗಳಿಕೆಯ ಶಕ್ತಿ ಎಷ್ಟು ಕುಂದಿತು ಎಂದು ವೈದ್ಯರು ಬರೆದುಕೊಡಬೇಕು. ಚಿಕಿತ್ಸೆಯ ಖರ್ಚು ಬೇರೆ, ಅದು ಮಾಲಕನ ಮೇಲೆಯೇ. ಬಿಲ್ ಒಂದೂ ಕಳೆಯಬೇಡಿ. ತಿಂಗಳೊಳಗೆ ಪರಿಹಾರ ಕೊಡದಿದ್ದರೆ ಶೇ 12ರ ಬಡ್ಡಿ, ಸರಿಯಾದ ಕಾರಣ ಇಲ್ಲದೆ ತಡಮಾಡಿದರೆ ಅರ್ಧದವರೆಗೂ ದಂಡ ಬೀಳಬಹುದು.

ನಮ್ಮ ಹುಡುಗ ಗುತ್ತಿಗೆದಾರನ ಕಡೆ ಇದ್ದ. ಅವ ಈಗ ಫೋನ್ ಎತ್ತವಲ್ಲ.

ದೊಡ್ಡ ಕಂಪನಿಯನ್ನೇ ಕೇಳಿ. ತನ್ನ ಕೆಲಸವನ್ನು ಗುತ್ತಿಗೆಗೆ ಕೊಟ್ಟವನೂ ಪರಿಹಾರಕ್ಕೆ ಹೊಣೆ ಎಂದು ಹಳೆ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಅವನು ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಅರ್ಜಿಯಲ್ಲಿ ಇಬ್ಬರನ್ನೂ, ವಿಮಾ ಕಂಪನಿ ಇದ್ದರೆ ಅದನ್ನೂ ಸೇರಿಸಿ.

ತಪ್ಪು ಅವಂದ ಅಂತಾರ. ಬೆಲ್ಟ್ ಹಾಕಿರಲಿಲ್ಲ, ಕುಡದಿದ್ದ ಅಂತಾರ.

ಹೇಳಲಿ. ಅಜಾಗರೂಕತೆ ಒಂದರಿಂದಲೇ ಪರಿಹಾರ ತಪ್ಪುವುದಿಲ್ಲ. ಕುಡಿದಿದ್ದು, ಬೇಕೆಂದೇ ಸುರಕ್ಷತಾ ನಿಯಮ ಮುರಿದದ್ದು, ರಕ್ಷಣಾ ಸಾಧನ ಕಿತ್ತುಹಾಕಿದ್ದು ಸಾಬೀತಾದರೆ ಸಣ್ಣ ಗಾಯದ ಪರಿಹಾರ ತಪ್ಪಬಹುದು. ಆದರೆ ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯ ಆದಾಗ ಹಳೆ ಕಾಯ್ದೆಯಲ್ಲಿ ಆ ನೆಪಗಳೂ ನಡೆಯುವುದಿಲ್ಲ. ಇದು ಮನೆಯವರಿಗೆ ಗೊತ್ತಿರುವುದಿಲ್ಲ, ಎದುರಿನವರಿಗೆ ಗೊತ್ತಿರುತ್ತದೆ.

ಕೇಸ್ ಹಾಕಾಕ ರಾಜಸ್ಥಾನಕ್ಕ ಹೋಗಬೇಕೇನ್ರಿ?

ಬೇಡ. ಅಪಘಾತ ಆದಲ್ಲಿ, ಕಂಪನಿಯ ನೋಂದಾಯಿತ ಕಚೇರಿ ಇರುವಲ್ಲಿ, ಅಥವಾ ನೀವು ವಾಸ ಇರುವಲ್ಲಿ ಅರ್ಜಿ ಹಾಕಬಹುದು. ಬಾಡಮೇರಿನಲ್ಲಿ ಬಿದ್ದ ಪೈಪಿನ ಪ್ರಕರಣ ವಿಜಯಪುರದಲ್ಲೇ ನಡೆಯುತ್ತದೆ. ಹಳೆ ಕಾಯ್ದೆಯಲ್ಲಿ ಅವಧಿ ಎರಡು ವರ್ಷ. ಸಂಹಿತೆ ಬಂದ ನಂತರದ ಅಪಘಾತವಾದರೆ ಅವಧಿಯನ್ನು ಮೊದಲ ದಿನವೇ ವಕೀಲರಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ಕಾರ್ಮಿಕರಿಗೆ ಅಲ್ಲಿ ವಕೀಲರ ನೆರವು ಉಚಿತ. ಕಂಪನಿಯವರು ಮೇಲ್ಮನವಿ ಹೋದರೆ ಬಾಗಲಕೋಟೆ, ಬೆಳಗಾವಿಯವರಿಗೆ ಹೈಕೋರ್ಟಿನ ಧಾರವಾಡ ಪೀಠ, ನಮ್ಮ ವಿಜಯಪುರದವರಿಗೆ ಕಲಬುರಗಿ ಪೀಠ. ಹಳೆ ಕಾಯ್ದೆಯ ಪ್ರಕಾರ ಕಂಪನಿಯವರು ತೀರ್ಪಿನ ಹಣ ಕಟ್ಟಿಯೇ ಮೇಲ್ಮನವಿ ಹೋಗಬೇಕು.

ಎರಡು ಲಕ್ಷ ಕೊಡ್ತೀವಿ, ಬಾಂಡ್ ಮ್ಯಾಲೆ ಸಹಿ ಮಾಡು ಅಂತಾರ. ಮಾಡೋಣೇನ್ರಿ?

ಮಾಡಬೇಡಿ. ಮಾಡಿಬಿಟ್ಟಿದ್ದರೆ ಎದೆ ಒಡೆದುಕೊಳ್ಳಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಹಳೆ ಕಾಯ್ದೆಯ 17ನೇ ಕಲಮಿನಂತೆ ಅಸಿಂಧು. ಸಾವಿನ ಪ್ರಕರಣದಲ್ಲಿ ಹಣವನ್ನು ಪರಿಹಾರದ ಅರ್ಜಿ ಕೇಳುವ ಆಯುಕ್ತರ ಬಳಿಯೇ ಠೇವಣಿ ಇಡಬೇಕು. ಅಂತ್ಯಕ್ರಿಯೆಯ ದಿನ ಕೈಗೆ ಕೊಟ್ಟದ್ದು ಪರಿಹಾರ ಅನ್ನಿಸಿಕೊಳ್ಳುವುದಿಲ್ಲ. ಮುಂಗಡ ಎಂದು ಮೂರು ತಿಂಗಳ ಸಂಬಳದಷ್ಟು ಕೊಟ್ಟಿದ್ದರೆ ಅದನ್ನು ಮಾತ್ರ ಕಳೆಯಬಹುದು.

ಇಎಸ್‌ಐ ಇದ್ರ?

ಸಿಮೆಂಟ್, ಫೌಂಡ್ರಿ ಇತ್ಯಾದಿ ಕಡೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಕಟ್ಟಿದ್ದರೆ ಪರಿಹಾರ ಅಲ್ಲಿಂದಲೇ, ಎರಡೂ ಕಡೆ ಕೇಳಲು ಬರುವುದಿಲ್ಲ. ಗಣಿ ಕಾಯ್ದೆಗೆ ಒಳಪಟ್ಟ ಗಣಿಗಳು ಹಳೆ ಇಎಸ್‌ಐ ಕಾಯ್ದೆಯ ಕಾರ್ಖಾನೆಯ ವ್ಯಾಖ್ಯೆಯ ಹೊರಗೆ ಇದ್ದವು. ಹೀಗಾಗಿ ಸಂಹಿತೆಗೆ ಹಿಂದಿನ ಅಪಘಾತಗಳಲ್ಲಿ ರಿಗ್‌ನವರಿಗೆ ಮೇಲೆ ಹೇಳಿದ ದಾರಿಯೇ.

ದುಬೈ, ಸೌದಿ, ಮಸ್ಕತ್ ಕಡೆ ಆದ್ರ?

ಅಲ್ಲಿಯ ಕಾನೂನು ಅಲ್ಲಿಯದು. ಯುಎಇಯಲ್ಲಿ ಕೆಲಸದಲ್ಲಿ ಸತ್ತವನ ಕುಟುಂಬಕ್ಕೆ 24 ತಿಂಗಳ ಮೂಲ ವೇತನ. ಅದು 18,000 ದಿರ್ಹಾಮ್‌ಗಿಂತ ಕಡಿಮೆ ಇರಬಾರದು, 2 ಲಕ್ಷ ದಾಟಬಾರದು. ಇಲ್ಲಿ ಮೂಲ ವೇತನ ಎಂಬ ಶಬ್ದದ ಮೇಲೆ ಬೆರಳಿಡಿ. ಒಪ್ಪಂದದಲ್ಲಿ ಮೂಲ ವೇತನ ಚಿಕ್ಕದಾಗಿ, ಭತ್ಯೆ ದೊಡ್ಡದಾಗಿ ಬರೆದಿರುತ್ತಾರೆ. ಕೈಗೆ ಬರುವ ಮೊತ್ತ ನೋಡಿ ನಾವು ಖುಷಿಪಡುತ್ತೇವೆ.

ನೋಂದಾಯಿತ ಏಜೆಂಟ್ ಸೇವಾಶುಲ್ಕ ಎಂದು ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ ಮತ್ತು ಜಿಎಸ್‌ಟಿ. ಒಂದೂವರೆ ಲಕ್ಷ ಕೇಳಿದರೆ ಅಲ್ಲಿಗೇ ಕೈ ಮುಗಿದು ಬನ್ನಿ. ಹತ್ತನೇ ಇಯತ್ತೆ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಮುದ್ರೆ, ಅಂದರೆ ಹೊರದೇಶಕ್ಕೆ ದುಡಿಯಲು ಹೋಗಲು ಸರ್ಕಾರದ ಒಪ್ಪಿಗೆ ಬೇಕು ಎಂಬ ಗುರುತು, ಇರುತ್ತದೆ. ಅಂಥವರು ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಹೋಗುವಾಗ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ ಕಂತು 275 ರೂಪಾಯಿ, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವೈಕಲ್ಯವಾದರೆ ವಿಮೆ 10 ಲಕ್ಷ. ವಿಸಿಟ್ ವೀಸಾದ ಮೇಲೆ ಕೆಲಸಕ್ಕೆ ಹೋದವನಿಗೆ ಇದಾವುದೂ ಇಲ್ಲ. ಪಾಲಿಸಿಯ ಪ್ರತಿ ಹುಡುಗನ ಪೆಟ್ಟಿಗೆಯಲ್ಲಿದ್ದರೆ ಸಾಲದು, ಮನೆಯ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆ ಇರಬೇಕು.

ಕಾಕಾ, ನೀವು ನಿಮ್ಮ ಮಗನ್ನ ಈ ಕೆಲಸಕ್ಕ ಕಳಸ್ತೀರೇನು?

ದೊಡ್ಡವ ಹೋಗಿಯೇ ಇದ್ದಾನೆ, ನನ್ನನ್ನು ಕೇಳಿ ಹೋದವನಲ್ಲ. ಡಿಪ್ಲೊಮಾ ಮುಗಿಸಿದ, ಕರೆ ಬಂತು, ಬ್ಯಾಗು ಹೊತ್ತ. ರಜೆಗೆ ಬಂದಾಗ ಅವರವ್ವ ಊಟ ಸರಿ ಸಿಗುತ್ತದೇನು ಎಂದು ಕೇಳುತ್ತಾಳೆ. ನಾನು ಕೇಳುವುದು ಕ್ರೌನ್-ಒ-ಮ್ಯಾಟಿಕ್ ಪರೀಕ್ಷೆಯನ್ನು ಯಾರು ಮಾಡುತ್ತಾರೆ ಎಂದು. ಹೋದ ಸಲ 'ನಾನ ಮಾಡ್ತೀನಪಾ' ಅಂದ. ವಹಿಯ ಪುಟದ ಫೋಟೊ ತೋರಿಸು ಅಂದೆ. ನಕ್ಕು ತೋರಿಸಿದ. ತಾರೀಖುಗಳೆಲ್ಲ ಬೇರೆ ಬೇರೆ ಪೆನ್ನಿನಲ್ಲಿದ್ದವು, ಒಂದು ಕಡೆ ಗ್ರೀಸಿನ ಹೆಬ್ಬೆಟ್ಟೂ ಬಿದ್ದಿತ್ತು.